ಸತ್ಯಾಂಶ: ಲವ್‌ಕ್ರಾಫ್ಟ್ ಕಥೆಗಳು ಸತ್ತ ಮೇಲಷ್ಟೇ ಅಚ್ಚಾದವಾ?

ಅಮೆರಿಕದ ಭಯಾನಕ ಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್ ಬದುಕಿದ್ದಾಗ ಒಬ್ಬ ಸಂಪಾದಕರೂ ಅವರ ಕಥೆ ಹಾಕಲಿಲ್ಲ ಎಂಬ ಫಾರ್ವರ್ಡ್ ಓಡಾಡುತ್ತಿದೆ. ಇದು ನಿಜವಲ್ಲ.

1937ರಲ್ಲಿ, 46ನೇ ವಯಸ್ಸಿಗೆ, ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಅಷ್ಟರಲ್ಲಿ ಹತ್ತಾರು ಕಥೆಗಳು ಅಚ್ಚಾಗಿದ್ದವು. ಹೆಚ್ಚಿನವು ಬಂದಿದ್ದು 'ವಿಯರ್ಡ್ ಟೇಲ್ಸ್' ಎಂಬ ಅಗ್ಗದ ಕಾಗದದ ಪತ್ರಿಕೆಯಲ್ಲಿ. 1924ರಲ್ಲಿ ಅದರ ಸಂಪಾದಕರಾಗಿ ಎಂದು ಕರೆಯೂ ಬಂತು. ಷಿಕಾಗೋಗೆ ಹೋಗಲು ಮನಸ್ಸಾಗದೆ ಅವರೇ ಬೇಡ ಎಂದರು. ಅದೇ ವರ್ಷ ಜಾದೂಗಾರ ಹೌದಿನಿ ಹೆಸರಲ್ಲಿ ಬಂದ ಒಂದು ಕಥೆ ಬರೆದವರೂ ಇವರೇ.

ಬಡತನ ಮಾತ್ರ ನಿಜ. ಆಗ ಸಂಭಾವನೆ ಪದಕ್ಕೆ ಇಷ್ಟು ಸೆಂಟ್ ಅಂತ ಲೆಕ್ಕ. ಅದೂ ಕಥೆ ಅಚ್ಚಾದ ಮೇಲೆ, ಎಷ್ಟೋ ಸಲ ತಡವಾಗಿ. ಅದೇ ಪತ್ರಿಕೆಯ ಇನ್ನೊಬ್ಬ ಲೇಖಕ ರಾಬರ್ಟ್ ಇ. ಹೋವರ್ಡ್ ಅವರಿಗೆ 800 ಡಾಲರ್‌ಗೂ ಜಾಸ್ತಿ ಬಾಕಿ ಇತ್ತು! ಬೇರೆಯವರ ಬರಹ ತಿದ್ದಿಕೊಟ್ಟು ಲವ್‌ಕ್ರಾಫ್ಟ್ ಹೊಟ್ಟೆ ಹೊರೆದರು.

ಹಾಗಂತ ಸಂಪಾದಕರನ್ನು ಸುಮ್ನೆ ಖಳನಾಯಕರಾಗಿ ಮಾಡುವುದು ಸರಿಯಲ್ಲ. 'ವಿಯರ್ಡ್ ಟೇಲ್ಸ್' ಸಂಪಾದಕ ಫಾರ್ನ್ಸ್‌ವರ್ತ್ ರೈಟ್ 1931ರಲ್ಲಿ ಲವ್‌ಕ್ರಾಫ್ಟ್ ಅವರ ಒಂದು ನೀಳ್ಗತೆಯನ್ನು ವಾಪಸ್ ಕಳಿಸಿದ್ದು ಹೌದು, ಅದರಿಂದ ಲೇಖಕರು ತುಂಬಾ ನೊಂದರು. ಆದರೆ ಪಾರ್ಕಿನ್ಸನ್ ಕಾಯಿಲೆಯಿಂದ ಸಹಿ ಹಾಕುವುದೂ ಕಷ್ಟವಾದಾಗಲೂ ರೈಟ್ 1940ರವರೆಗೆ ಪತ್ರಿಕೆ ನಡೆಸಿದರು.

ಫಾರ್ವರ್ಡ್ ಹುಟ್ಟಿದ್ದು ಬಹುಶಃ ಪುಸ್ತಕದ ವಿಷಯದಿಂದ. ಅವರ ಕಥೆಗಳ ದೊಡ್ಡ ಸಂಕಲನ ಬಂದಿದ್ದು 1939ರಲ್ಲಿ. ಅದಕ್ಕಾಗಿಯೇ ಇಬ್ಬರು ಗೆಳೆಯರು ಸ್ವಂತ ಪ್ರಕಾಶನ ಶುರುಮಾಡಿದ್ದರು.