ಯೂರಿಯಾ ಮೂಟೆ ಬಿಟ್ಟು ಜೀವಾಣು ಗೊಬ್ಬರ ನಂಬಬಹುದಾ?

ಪರ: ಬೇರು ತೊಳೆದು ನೋಡಿ, ಆಮೇಲೆ ಮಾತಾಡೋಣ

ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ನೀರು ಬಿಡುವವರೆಗೆ ನಮ್ಮ ಗದ್ದೆ ಸುಮ್ನೆ ಬಿದ್ದಿರುತ್ತಿತ್ತು. ಹೋದ ವರ್ಷ ಮೊದಲ ಮಳೆಗೆ, ಆಮೇಲೆ ಉತ್ತು ಹಸಿರು ಗೊಬ್ಬರ ಮಾಡೋಣ ಅಂತ, ಅಲಸಂದೆ ಚೆಲ್ಲಿದೆ. ನಲವತ್ತು ದಿನಕ್ಕೆ ಒಂದು ಗಿಡ ಕಿತ್ತು ಬೇರಿನ ಮಣ್ಣು ತೊಳೆದೆ. ತುಂಬ ಗಂಟು. ಕೆಲವು ಸಾಸಿವೆಯಷ್ಟು, ಕೆಲವು ಮೆಣಸಿನ ಕಾಳಿನಷ್ಟು. ಒಂದನ್ನು ಉಗುರಲ್ಲಿ ಸೀಳಿದರೆ ಒಳಗೆ ನಸುಗೆಂಪು. ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ರೈಜೋಬಿಯಂ ಎಂಬ ಜೀವಾಣು ಕೆಲಸ ಮಾಡುತ್ತಿದೆ ಅನ್ನೋದಕ್ಕೆ ಆ ಕೆಂಪೇ ಗುರುತು. ಒಳಗೆ ಬೆಳ್ಳಗೋ ಹಸಿರಾಗೋ ಇದ್ದರೆ ಗಂಟು ಇದ್ದೂ ದಂಡ.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆದರೆ ಗಿಡ ಅದನ್ನು ನೇರವಾಗಿ ಉಣ್ಣಲಾರದು. ಕಾರ್ಖಾನೆಯವರು 400 ಡಿಗ್ರಿಗೂ ಮೀರಿದ ಕಾವು ಕೊಟ್ಟು, ಭಾರಿ ಒತ್ತಡ ಹಾಕಿ ಅದನ್ನು ಮೊದಲು ಅಮೋನಿಯಾ ಮಾಡುತ್ತಾರೆ, ಆಮೇಲೆ ಯೂರಿಯಾ. ಅದಕ್ಕೆ ಬೇಕಾದ ನೈಸರ್ಗಿಕ ಅನಿಲದಲ್ಲಿ ಹೆಚ್ಚಿನ ಪಾಲು ನಮ್ಮ ದೇಶಕ್ಕೆ ಹಡಗಿನಲ್ಲಿ ಬರಬೇಕು. ಗಂಟಿನೊಳಗಿನ ಜೀವಾಣು ಅದೇ ಕೆಲಸವನ್ನು ನಮ್ಮ ಮಣ್ಣಿನ ಕಾವಿನಲ್ಲೇ, ಗಿಡ ಕೊಟ್ಟ ಸಕ್ಕರೆ ತಿಂದು ಮಾಡಿ ಮುಗಿಸುತ್ತದೆ. ಯಾವ ಹಡಗೂ ಬೇಡ.

ಇನ್ನೊಂದು ಮಾತು. ಗದ್ದೆಗೆ ಎರಚಿದ ಯೂರಿಯಾದಲ್ಲಿ ಅರ್ಧದಷ್ಟೂ ಭತ್ತಕ್ಕೆ ಸಿಗುವುದಿಲ್ಲ. ಸ್ವಲ್ಪ ಗಾಳಿಗೆ ಹಾರುತ್ತದೆ, ಸ್ವಲ್ಪ ನೈಟ್ರೇಟ್ ಆಗಿ ಬೋರ್‌ವೆಲ್ ನೀರಿಗೆ ಇಳಿಯುತ್ತದೆ, ಸ್ವಲ್ಪ ನೈಟ್ರಸ್ ಆಕ್ಸೈಡ್ ಆಗುತ್ತದೆ. ಭೂಮಿಯನ್ನು ಕಾಯಿಸುವುದರಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಿರುಸು. ಎರಚುವಾಗ ಇದೆಲ್ಲ ಯಾರಿಗೆ ಕಾಣುತ್ತೆ? ವಾರಕ್ಕೆ ಪೈರು ಕಡುಹಸಿರಾದರೆ ಸಾಕು ನಮಗೆ.

ಕಬ್ಬಿಗೆ ಗಂಟು ಕಟ್ಟಲ್ಲ, ಒಪ್ಪಿದೆ. ಆದರೆ ಕಬ್ಬಿನ ಒಡಲೊಳಗೇ ಇದ್ದು ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಇದೆ ಎಂದು 1988ರಲ್ಲಿ ಬ್ರೆಜಿಲ್‌ನ ವಿಜ್ಞಾನಿ ಯೊಹಾನಾ ಡೋಬೆರೈನರ್ ಮತ್ತು ಅವರ ಜತೆಯವರು ತೋರಿಸಿದರು. ಅಲ್ಲಿಯ ಸೋಯಾ ರೈತರಂತೂ ಬಿತ್ತನೆ ಬೀಜಕ್ಕೆ ಜೀವಾಣು ಲೇಪಿಸಿ, ಸಾರಜನಕ ಗೊಬ್ಬರವನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದಾರೆ. ನಾವಿನ್ನೂ ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡುತ್ತಿದ್ದೇವೆ. ಅದನ್ನು ಸಾಲಿನ ನಡುವೆ ಹರಡಿ, ಸಗಣಿ ನೀರಿಗೆ ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಕಲಸಿ ಚಿಮುಕಿಸಿದರೆ ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ. ಇದಕ್ಕೂ ನಮ್ಮ ಭಾವನ ಹತ್ತಿರ ಒಂದು ತಕರಾರು ಇದ್ದೇ ಇರುತ್ತದೆ. ಕೇಳಿ.

ವಿರೋಧ: ಮೊದಲು ಮೂಟೆ ಲೆಕ್ಕ ಹಾಕಿ

ಬಾಮೈದನ ಅಲಸಂದೆ ಗಂಟು ನಾನೂ ಸೀಳಿ ನೋಡಿದ್ದೇನೆ. ಚೆನ್ನಾಗಿಯೇ ಇತ್ತು. ಆದರೆ ನಮ್ಮ ಸಾಲ ತೀರಿಸೋದು ಅಲಸಂದೆ ಅಲ್ಲ, ಕಬ್ಬು.

ಕಬ್ಬಿಗೆ ಹೆಕ್ಟೇರಿಗೆ 250 ಕೆ.ಜಿ. ಸಾರಜನಕ ಅಂತ ಶಿಫಾರಸು. ಅಂದರೆ ಎಕರೆಗೆ 100. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. 45 ಕೆ.ಜಿ. ಮೂಟೆಯಲ್ಲಿ 20 ಕೆ.ಜಿ.ಗೆ ಸ್ವಲ್ಪ ಜಾಸ್ತಿ ಸಿಗುತ್ತದೆ. ಐದು ಮೂಟೆ ಬೇಕು. ಅಜೋಸ್ಪಿರಿಲಂ ಎಂಬ ಜೀವಾಣು ಗೊಬ್ಬರ ಹಾಕಿದರೆ ಹೆಕ್ಟೇರಿಗೆ 20ರಿಂದ 40 ಕೆ.ಜಿ. ಸಾರಜನಕ ಸಿಗುತ್ತದೆ ಅಂತ ಅದನ್ನು ಹೊಗಳುವವರೇ ಹೇಳುತ್ತಾರೆ. ಎಕರೆಗೆ ಇಳಿಸಿದರೆ 8ರಿಂದ 16. ಒಂದು ಮೂಟೆಯೂ ಆಗಲಿಲ್ಲ, ಅಲ್ವಾ? ಉಳಿದ ನಾಲ್ಕನ್ನು ಯಾರು ಕೊಡುತ್ತಾರೆ?

ಅದೂ ಜೀವಾಣು ಬದುಕಿದ್ದರೆ. ನಾನೊಂದು ವರ್ಷ ಅಂಗಡಿಯಿಂದ ಹತ್ತು ಪ್ಯಾಕೆಟ್ ತಂದಿದ್ದೆ. ಏಪ್ರಿಲ್ ಬಿಸಿಲು, ತಗಡಿನ ಮಾಡು, ಅದರ ಕೆಳಗೆ ಜೋಡಿಸಿಟ್ಟಿದ್ದರು. ಮನೆಗೆ ತಂದು ಕತ್ತರಿಸಿದರೆ ಕರಿ ಪುಡಿ ಗಟ್ಟಿ ಉಂಡೆಯಾಗಿತ್ತು, ಹುಳಿ ವಾಸನೆ ಬೇರೆ. ತಿರುಗಿಸಿ ನೋಡಿದೆ, ಅವಧಿ ಮುಗಿಯಲು ಹನ್ನೆರಡು ದಿನ. ಪುಡಿ ರೂಪದ್ದಾದರೆ ಒಂದು ಗ್ರಾಂನಲ್ಲಿ 5 ಕೋಟಿ ಜೀವಾಣು ಬದುಕಿರಬೇಕು ಅಂತ ಸರ್ಕಾರದ ನಿಯಮವೇ ಇದೆ. ರೈತ ಎಣಿಸೋಕಾಗುತ್ತಾ? ಯೂರಿಯಾ ಹರಳಿಗೆ ಸಾಯುವ ಭಯವಿಲ್ಲ. ಮೂಟೆಗೆ ಇನ್ನೂರ ಅರವತ್ತು ಚಿಲ್ಲರೆ ರೂಪಾಯಿ ಕೊಟ್ಟರೆ ಏನು ಬರುತ್ತದೆ ಅಂತ ಗೊತ್ತಿರುತ್ತದೆ.

2021ರಲ್ಲಿ ಶ್ರೀಲಂಕಾದವರು ರಾಸಾಯನಿಕ ಗೊಬ್ಬರವನ್ನು ಒಂದೇ ಏಟಿಗೆ ನಿಲ್ಲಿಸಿದರು. ಭತ್ತದ ಇಳುವರಿ ಕುಸಿಯಿತು; ನಿಷೇಧವೂ ಅದೇ ವರ್ಷ ಹಿಂದಕ್ಕೆ ಹೋಯಿತು. ಬಾಮೈದ ಅಷ್ಟು ದೂರ ಹೋಗಲ್ಲ, ಗೊತ್ತು. ಸುಮ್ನೆ ನೆನಪಿಸಿದೆ.

ಅವನು ಹೇಳದೇ ಬಿಟ್ಟ ವಿಷಯ ಒಂದಿದೆ. ಮಣ್ಣಿನ ಜೀವಾಣು ಎಲ್ಲವೂ ನಮ್ಮ ಕಡೆಯವಲ್ಲ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಉಸಿರಿಗೆ ಆಮ್ಲಜನಕ ಬೇಡದ ಜಾತಿಗಳು ಮೀಥೇನ್ ಬಿಡುತ್ತವೆ. ಭೂಮಿ ಕಾಯಿಸುವುದರಲ್ಲಿ ಅದೂ ಕಡಿಮೆಯದ್ದಲ್ಲ. ಅವುಗಳಿಗೆ ಮೇವು ಯಾವುದು? ಉತ್ತು ಮುಳುಗಿಸಿದ ಹಸಿರು ಸೊಪ್ಪು! ಅಂದರೆ ಅಲಸಂದೆಯಿಂದ ಯೂರಿಯಾ ಉಳಿಸಿ, ಅದೇ ಅಲಸಂದೆಯಿಂದ ಮೀಥೇನ್ ಏರಿಸಿದ ಹಾಗಾಯಿತು.

ಇದಕ್ಕೂ ಅವನ ಹತ್ತಿರ ಉತ್ತರವಿದೆ: ನೀರು ಕಟ್ಟಿ ನಿಲ್ಲಿಸಬೇಡಿ, ನಡುನಡುವೆ ಗದ್ದೆ ಆರಲು ಬಿಡಿ, ಮೀಥೇನ್ ಇಳಿಯುತ್ತದೆ. ಮಾತು ಸರಿಯೇ. ಆದರೆ ನಮಗೆ ನಾಲೆ ನೀರು ಬರೋದು ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತಾರೆ. ಬಿಟ್ಟ ದಿನ ಹಿಡಿದಿಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಮುಂದಿನ ಕಟ್ಟಿಗೆ ನೀರು ಬಂದೇ ಬರುತ್ತದೆ ಅಂತ ಬಾಮೈದ ಬರೆದುಕೊಡಲಿ, ನಾಳೆಯೇ ಬದು ಕಡಿದು ಗದ್ದೆ ನೀರು ಹೊರಗೆ ಬಿಡುತ್ತೇನೆ.