ಸ್ಟ್ರೌಡ್‌ನ ಸೆಕೆಂಡ್ ಪಿಯುಸಿ

2024ರ ಕ್ರಿಸ್ಮಸ್ ದಿನ ನಾನು ಪಕ್ಕದ ಮನೆಗೆ ಕೋಡುಬಳೆ ಕೊಟ್ಟು ಸುಮ್ಮನೆ ವಾಪಸು ಬರಬೇಕಿತ್ತು. ಮನೆಯ ಯಜಮಾನರು ಒಳಗೆ ಕರೆದರು, ಹೋಗಿ ಕುಳಿತೆ. ಟಿವಿಯಲ್ಲಿ ಅಮೆರಿಕನ್ ಫುಟ್‌ಬಾಲ್, ನಮ್ಮೂರ ತಂಡ ಹ್ಯೂಸ್ಟನ್ ಟೆಕ್ಸನ್ಸ್, ಬಾಲ್ಟಿಮೋರ್ ರೇವನ್ಸ್ ಕೈಯಲ್ಲಿ ಒದೆ ತಿನ್ನುತ್ತಿತ್ತು. ಆಟ ಮುಗಿದಾಗ 31–2. ಆ ಎರಡು ಅಂಕಗಳನ್ನು ಗಳಿಸಿದವರೂ ತಡೆಯುವ ಕೆಲಸದವರೇ ಹೊರತು ಚೆಂಡು ಮುನ್ನಡೆಸುವವರಲ್ಲ. ವಿರಾಮದಲ್ಲಿ ಇದೇ ಊರಿನ ಮಗಳು ಬಿಯಾನ್ಸೆ ಬಂದು ಹಾಡಿದರು. ಆ ದಿನ ಹ್ಯೂಸ್ಟನ್ ಗೆದ್ದದ್ದು ಅಷ್ಟು ಹೊತ್ತು ಮಾತ್ರ.

ನಮ್ಮ ತಂಡದಲ್ಲಿ ಚೆಂಡು ಎಸೆಯುವ ಸ್ಟ್ರೌಡ್‌ನನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಹುಡುಗನಿಗೆ ತಲೆಗೇರಿದೆ" ಎಂದುಬಿಟ್ಟೆ. ತಲೆಗೇರುವುದಕ್ಕೆ ಇಂಗ್ಲಿಷಿನಲ್ಲೂ ಹೆಚ್ಚುಕಡಿಮೆ ಅದೇ ಮಾತು ಇರುವುದರಿಂದ ಅನುವಾದಕ್ಕೇನೂ ತೊಡಕಾಗಲಿಲ್ಲ.

ಅವರು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ತೈಲ ಶುದ್ಧೀಕರಣ ಘಟಕದಲ್ಲಿ ದುಡಿದು ನಿವೃತ್ತರಾದವರು, ಮಾತು ಕಡಿಮೆ. "ಅವನ ಮುಂದೆ ನಿಂತಿರುವ ಐದು ಜನರನ್ನು ನೋಡಿದೆಯಾ?" ಎಂದಷ್ಟೇ ಕೇಳಿದರು. ಆಮೇಲೆ ಒಂದು ಕೋಡುಬಳೆಯನ್ನು ಬೆರಳಿಗೆ ತೊಟ್ಟುಕೊಂಡು, "ನಮ್ಮೂರಿಗೆ ಸಿಗುವ ಉಂಗುರ ಇದೊಂದೇ" ಎಂದು ನಕ್ಕರು. ವರ್ಷದ ಕೊನೆಯ ಫೈನಲ್ ಆದ ಸೂಪರ್ ಬೌಲ್ ಗೆದ್ದವರಿಗೆ ಇಲ್ಲಿ ಉಂಗುರ ಕೊಡುತ್ತಾರೆ. 2002ರಲ್ಲಿ ಆಟಕ್ಕಿಳಿದ ಟೆಕ್ಸನ್ಸ್ ತಂಡ ಸೂಪರ್ ಬೌಲ್ ಹೋಗಲಿ, ಅದರ ಹಿಂದಿನ ಮೆಟ್ಟಿಲನ್ನೂ ಇನ್ನೂ ತುಳಿದಿಲ್ಲ.

ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ಆ ಪ್ರಶ್ನೆ ಹಲ್ಲಿನ ಸಂದಿಯ ಕಾಯಿಚೂರಿನ ಹಾಗೆ ಕಾಡತೊಡಗಿತು. ತಲೆಗೇರಿದೆ ಎಂದವನು ನಾನಲ್ಲ, ನನ್ನೊಳಗೆ ಕುಳಿತ ನನ್ನ ಚಿಕ್ಕಪ್ಪ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹುಡುಗ ಎಂದರೆ ಸಿ.ಜೆ. ಸ್ಟ್ರೌಡ್. ಟೆಕ್ಸನ್ಸ್‌ನ ಕ್ವಾರ್ಟರ್‌ಬ್ಯಾಕ್, ಎಂದರೆ ಚೆಂಡು ಎಸೆದು ಆಟ ನಡೆಸುವವನು, ಏಳನೇ ನಂಬರಿನ ಅಂಗಿ. 2023ರಲ್ಲಿ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಬಂದ. ಮೊದಲ ಸರದಿಯವರು ಬ್ರೈಸ್ ಯಂಗ್ ಎಂಬುವನನ್ನು ಕರೊಲಿನಾಕ್ಕೆ ಕರೆದೊಯ್ದಿದ್ದರು. ಹಿಂದಿನ ವರ್ಷ ಹದಿನೇಳು ಆಟಗಳಲ್ಲಿ ಮೂರನ್ನಷ್ಟೇ ಗೆದ್ದಿದ್ದ ತಂಡ ಇವನು ಬಂದ ವರ್ಷ ಹತ್ತು ಗೆದ್ದಿತು. ಇವನ ಎಸೆತಗಳಿಂದ ಬಂದದ್ದು 4,108 ಗಜ, 23 ಟಚ್‌ಡೌನ್. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್. ಎದುರಾಳಿಯ ಕೈಗೆ ಸಿಕ್ಕ ಎಸೆತಗಳು ಬರೀ ಐದು. ಆ ನವೆಂಬರಿನಲ್ಲಿ ಟ್ಯಾಂಪಾ ಬೇ ಎದುರು ಒಂದೇ ಆಟದಲ್ಲಿ 470 ಗಜ ಎಸೆದು, ಆರು ಸೆಕೆಂಡು ಉಳಿದಿದ್ದಾಗ ಗೆಲುವಿನ ಟಚ್‌ಡೌನ್ ಕೊಟ್ಟ. ಹೊಸಬನೊಬ್ಬ ಒಂದೇ ಆಟದಲ್ಲಿ ಅಷ್ಟು ಗಜ ಎಸೆದದ್ದು ಅದೇ ಮೊದಲು. ಫುಟ್‌ಬಾಲ್ ಎಂದರೆ ಕಾಲಿನಲ್ಲಿ ಆಡುವುದು ಎಂದು ಹಟ ಹಿಡಿದಿದ್ದ ನಾನು ಅಂದು ಸಂಜೆ ಸೋಫಾದ ಮೇಲೆ ಎದ್ದು ನಿಂತಿದ್ದೆ.

ಆಮೇಲೆ ಬಂತು 2024ರ ಬೇಸಿಗೆ. ಇಲ್ಲಿ ಆಟ ಶುರುವಾಗುವುದು ಸೆಪ್ಟೆಂಬರಿನಲ್ಲಿ, ಲೆಕ್ಕಾಚಾರ ಮೇ ತಿಂಗಳಲ್ಲೇ. ಬಫಲೋದಿಂದ ಸ್ಟೆಫಾನ್ ಡಿಗ್ಸ್ ಎಂಬ, ಎಸೆದ ಚೆಂಡು ಹಿಡಿಯುವ ಹೆಸರುವಾಸಿ ಆಟಗಾರ ಬಂದಿದ್ದೇ ತಡ, ಕಚೇರಿಯ ಕಾಫಿ ಯಂತ್ರದ ಬಳಿ ಎಲ್ಲರೂ ಪಂಚಾಂಗ ಬಿಡಿಸಿ ಕುಳಿತರು. ಐದು ಸಾವಿರ ಗಜ ಎಂದ ಒಬ್ಬ. ಸೂಪರ್ ಬೌಲ್ ಎಂದ ಇನ್ನೊಬ್ಬ. ಕಾಗದದ ಮೇಲೆ ತಂಡ ಕಟ್ಟಿ ಆಡುವ ಫ್ಯಾಂಟಸಿ ಲೀಗ್‌ನಲ್ಲಿ ನನಗಿಂತ ಮೊದಲೇ ಸ್ಟ್ರೌಡ್‌ನನ್ನು ಎತ್ತಿಕೊಂಡವನ ಮೇಲೆ ನನಗೆ ನಿಜವಾಗಿಯೂ ಕೋಪ ಬಂದಿತ್ತು. ಮಗನಿಗೆ ಏಳನೇ ನಂಬರಿನ ಅಂಗಿ ಕೊಡಿಸಿದೆ, ಬೆಳೆಯುವ ಹುಡುಗನೆಂದು ಒಂದು ಅಳತೆ ದೊಡ್ಡದನ್ನೇ.

ಎರಡನೆಯ ವರ್ಷ ಎಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇವರು ಅದಕ್ಕೆ ಸೋಫೊಮೋರ್ ಸ್ಲಂಪ್ ಎಂದು ಹೆಸರಿಟ್ಟು ಒಂದು ರೋಗದ ಹಾಗೆ ಚರ್ಚಿಸುತ್ತಾರೆ. ನಮ್ಮಲ್ಲಿ ಅದು ಸೆಕೆಂಡ್ ಪಿಯುಸಿ, ಅಷ್ಟೆ. ಎಸ್ಸೆಸ್ಸೆಲ್ಸಿಯಲ್ಲಿ ಬಂದದ್ದು ಹಾರ, ಪೇಡ. ಅದಾದ ಮೇಲೆ ಎರಡು ವರ್ಷ ಮದುವೆ, ಗೃಹಪ್ರವೇಶ, ತಿಥಿ, ಎಲ್ಲಿಗೆ ಹೋದರೂ ಒಂದೇ ಪ್ರಶ್ನೆ. ಹಾಗಾಗಿ ಸ್ಟ್ರೌಡ್‌ನ ಎರಡನೆಯ ವರ್ಷವನ್ನು ನಾನು ಕಾಯುತ್ತಿದ್ದುದು ಅಭಿಮಾನಿಯಾಗಿ ಅಲ್ಲವೇನೋ, ನೆಂಟನಾಗಿ.

ಫಲಿತಾಂಶ ನೆಂಟರಿಗೆ ಹಬ್ಬವಾಗುವಂತೆಯೇ ಬಂತು. ಎರಡು ಆಟ ಹೆಚ್ಚು ಆಡಿಯೂ 3,727 ಗಜ, 20 ಟಚ್‌ಡೌನ್. ಐದಿದ್ದ ಇಂಟರ್‌ಸೆಪ್ಷನ್ ಹನ್ನೆರಡಾಯಿತು.

ನಾನು ನೋಡಿದ್ದು ಅಷ್ಟನ್ನೇ. ಪಕ್ಕದ ಮನೆಯವರು ನೋಡುತ್ತಿದ್ದ ಅಂಕಿಯೇ ಬೇರೆ. ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದಕ್ಕೆ ಸ್ಯಾಕ್ ಎನ್ನುತ್ತಾರೆ. ಅವನಿಗೂ ಎದುರಾಳಿಗಳಿಗೂ ನಡುವೆ ಗೋಡೆಯಾಗಿ ನಿಲ್ಲುವವರು ಐದು ಜನ, ಒಬ್ಬೊಬ್ಬರೂ ಸುಮಾರು ನೂರನಲವತ್ತು ಕಿಲೋ ತೂಗುವವರು. ಗೋಡೆ ಗಟ್ಟಿಯಿದ್ದರೆ ಹುಡುಗನಿಗೆ ಮೂರು ಸೆಕೆಂಡು ಸಿಗುತ್ತದೆ. ಇಲ್ಲದಿದ್ದರೆ ಬೆನ್ನಿಗೆ ನೆಲ. ಮೊದಲ ವರ್ಷ ಅವನು 38 ಸಲ ಬಿದ್ದಿದ್ದ, ಎರಡನೆಯ ವರ್ಷ 52. ಅಕ್ಟೋಬರ್ 31ರ ರಾತ್ರಿ ನ್ಯೂಯಾರ್ಕ್ ಜೆಟ್ಸ್ ಎದುರಿನ ಒಂದೇ ಆಟದಲ್ಲಿ ಎಂಟು ಸಲ. ಅಷ್ಟು ಹೊತ್ತಿಗೆ ಡಿಗ್ಸ್‌ನ ಮೊಣಕಾಲಿನ ಅಸ್ಥಿರಜ್ಜು ಹರಿದಿತ್ತು, ಚೆಂಡು ಹಿಡಿಯುವ ಇನ್ನೊಬ್ಬ ನಿಕೊ ಕಾಲಿನ್ಸ್ ತೊಡೆ ಹಿಡಿದುಕೊಂಡು ಹೊರಗೆ ಕುಳಿತಿದ್ದ. ಕ್ರಿಸ್ಮಸ್‌ಗೆ ನಾಲ್ಕು ದಿನ ಮುಂಚೆ ಕಾನ್ಸಾಸ್ ಸಿಟಿಯಲ್ಲಿ ಸ್ಟ್ರೌಡ್ ಎಸೆದ ಟಚ್‌ಡೌನ್ ಹಿಡಿಯುವಾಗಲೇ ಟ್ಯಾಂಕ್ ಡೆಲ್‌ನ ಮಂಡಿ ನುಚ್ಚಾಯಿತು. ಮೈದಾನದಲ್ಲೇ ಸ್ಟ್ರೌಡ್ ಅತ್ತದ್ದನ್ನು ಊರಿಗೆ ಊರೇ ಟಿವಿಯಲ್ಲಿ ನೋಡಿತು. ನಾನೂ ನೋಡಿದ್ದೆ. ನೋಡಿದ ನಾಲ್ಕನೆಯ ದಿನಕ್ಕೆ ಹೋಗಿ ತಲೆಗೇರಿದೆ ಎಂದೆ.

ಹ್ಯೂಸ್ಟನ್‌ನವರಿಗೆ ಈ ಗೋಡೆಯ ವಿಷಯ ಹಳೆಯ ಗಾಯ. 2002ರಲ್ಲಿ ಹೊಸ ತಂಡ ಕಟ್ಟಿದಾಗ ಇಡೀ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಡೇವಿಡ್ ಕಾರ್ ಎಂಬ ಹುಡುಗನನ್ನು ತಂದರು. ಗೋಡೆ ಕಟ್ಟಲಿಲ್ಲ. ಮೊದಲ ವರ್ಷವೇ ಅವನು ಬಿದ್ದದ್ದು 76 ಸಲ. ಒಂದು ಋತುವಿನಲ್ಲಿ ಯಾವ ಕ್ವಾರ್ಟರ್‌ಬ್ಯಾಕ್ ಕೂಡ ಅಷ್ಟು ಬಾರಿ ಬಿದ್ದಿಲ್ಲ, ಆ ದಾಖಲೆ ಇಂದಿಗೂ ಹಾಗೆಯೇ ಇದೆ. ಕಾರ್‌ನ ಹೆಸರು ಬಂದಾಗಲೆಲ್ಲ ಪಕ್ಕದ ಮನೆಯವರು ಮಾಡು ಹಾಕಿಸುವ ಮೊದಲೇ ಸಂಸಾರ ತಂದಿಟ್ಟ ಮನೆಯ ಬಗ್ಗೆ ಮಾತನಾಡುವಂತೆ ಮಾತನಾಡುತ್ತಾರೆ. ಆ ಹುಡುಗನನ್ನು ಅವರು ಒಂದು ಸಲವೂ ಬೈದದ್ದನ್ನು ನಾನು ಕೇಳಿಲ್ಲ.

ಈಗ ನನ್ನ ಚಿಕ್ಕಪ್ಪ.

ನಮ್ಮದು ತಿಪಟೂರಿನ ಕಡೆ. ಎಸ್ಸೆಸ್ಸೆಲ್ಸಿಯಲ್ಲಿ ನನಗೆ 625ಕ್ಕೆ 571 ಬಂದಿತ್ತು. ಶಾಲೆಯ ಗೋಡೆಯ ಮೇಲೆ ಬಿಳಿ ಪೇಂಟಿನಲ್ಲಿ ಹೆಸರು ಬರೆಸಿದರು, ಅಪ್ಪ ಸೈಕಲ್ ನಿಲ್ಲಿಸಿ ಅದನ್ನು ಓದಿಕೊಂಡು ಬರುತ್ತಿದ್ದರು. ಪೇಟೆಯ ಕಾಲೇಜಿಗೆ ಸೇರಿದೆ, ವಿಜ್ಞಾನ. ಎರಡನೆಯ ವರ್ಷ ಜುಲೈ ತಿಂಗಳಲ್ಲಿ ನಮ್ಮ ಭೌತಶಾಸ್ತ್ರದ ಮೇಷ್ಟರಿಗೆ ವರ್ಗವಾಯಿತು. ಅವರ ಜಾಗಕ್ಕೆ ಡಿಸೆಂಬರಿನವರೆಗೆ ಯಾರೂ ಬರಲಿಲ್ಲ. ಆ ಪೀರಿಯಡ್ಡಿನಲ್ಲಿ ನಾವು ನಲವತ್ತು ಜನ ಸಂಪಿಗೆ ಮರದ ಕೆಳಗೆ ಕುಳಿತು ಗೈಡ್ ಓದುತ್ತಿದ್ದೆವು. ಓದುತ್ತಿದ್ದೆವು ಎಂಬುದು ಸ್ವಲ್ಪ ಹೆಚ್ಚಾಯಿತು, ಹಿಡಿದುಕೊಂಡಿದ್ದೆವು. 600ಕ್ಕೆ 362 ಬಂತು. ಭೌತಶಾಸ್ತ್ರದಲ್ಲಿ 38.

ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಚಿಕ್ಕಪ್ಪ ಹೇಳಿದ್ದು ಇಷ್ಟು: "ತಲೆಗೇರಿತ್ತು, ಇಳಿಯಿತು." ಅಂದು ನೆರೆದಿದ್ದ ಹತ್ತು ಹನ್ನೆರಡು ಜನರಲ್ಲಿ ಒಬ್ಬರಿಗಾದರೂ ಕಾಲೇಜಿನಲ್ಲಿ ಮೇಷ್ಟರಿದ್ದರೇ ಎಂದು ಕೇಳಬೇಕು ಅನ್ನಿಸಲಿಲ್ಲ. ನಾನೂ ಹೇಳಲಿಲ್ಲ. ಹೇಳಿದ್ದರೆ ಕುಣಿಯಲಾರದವಳ ಅಂಗಳದ ಕಥೆ ಎನ್ನುತ್ತಿದ್ದರು. ನೋಡಿ, ನೆಪ ಹೇಳುವವನ ಬಾಯಿ ಮುಚ್ಚಿಸಲು ನಮ್ಮಲ್ಲಿ ಗಾದೆ ಸಿದ್ಧವಾಗಿದೆ. ಅಂಗಳ ನಿಜಕ್ಕೂ ಡೊಂಕಾಗಿದ್ದರೆ ಏನು ಮಾಡಬೇಕೆಂಬುದಕ್ಕೆ ಗಾದೆ ಇಲ್ಲ.

ಇದು ನಮ್ಮ ಜಗಲಿಯದೊಂದೇ ಕಥೆಯೂ ಅಲ್ಲ. ಕರುಣ್ ನಾಯರ್ 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ಎದುರು ಔಟಾಗದೆ 303 ಹೊಡೆದಾಗ ಅದು ಅವನ ಮೂರನೆಯ ಟೆಸ್ಟ್. ನಾಲ್ಕನೆಯದಕ್ಕೆ ಹನ್ನೊಂದರಲ್ಲಿ ಜಾಗವೇ ಸಿಗಲಿಲ್ಲ. ಆಮೇಲೆ ಆಸ್ಟ್ರೇಲಿಯಾ ಎದುರು ನಾಲ್ಕು ಇನ್ನಿಂಗ್ಸ್ ಕೊಟ್ಟರು, ರನ್ ಬರಲಿಲ್ಲ, ಮುಗಿಯಿತು. ಮತ್ತೆ ಟೆಸ್ಟ್ ಅಂಗಿ ತೊಡಲು 2025ರ ಜೂನ್‌ವರೆಗೆ, ಎಂಟು ವರ್ಷ ಕಾಯಬೇಕಾಯಿತು. ನನ್ನ ತಕರಾರು ಆಯ್ಕೆಗಾರರ ಮೇಲೆ ಅಲ್ಲ. 2017ರ ಬೇಸಿಗೆಯಲ್ಲಿ ರಜೆಗೆ ಬಂದಿದ್ದಾಗ ಬೆಂಗಳೂರಿನ ಹೋಟೆಲಿನಲ್ಲಿ ನನ್ನ ಹಳೆಯ ಗೆಳೆಯರೇ, ಅಪ್ಪಟ ಕನ್ನಡಿಗರೇ, ಬೈಟೂ ಕಾಫಿ ಕುಡಿಯುತ್ತ, "ಅದು ಲಕ್ ಕಣೋ, ಪಿಚ್ ಹಾಗಿತ್ತು" ಎಂದರು. ನೋಡಿದಿರಾ, ಹುಡುಗ ಮುನ್ನೂರು ಹೊಡೆದಾಗ ಪಿಚ್ ಕಾಣಿಸುತ್ತದೆ, ಐದಕ್ಕೆ ಔಟಾದಾಗ ಹುಡುಗ ಮಾತ್ರ ಕಾಣಿಸುತ್ತಾನೆ. ಸ್ಟ್ರೌಡ್ ಎರಡನೆಯ ವರ್ಷದಲ್ಲಿ ಎಡವಿದ. ನಮ್ಮ ಹುಡುಗನಿಗೆ ಎಡವುವಷ್ಟು ದೊಡ್ಡ ಎರಡನೆಯ ವರ್ಷವೇ ಸಿಗಲಿಲ್ಲ.

ಇಷ್ಟು ಬರೆದು ಹೆಂಡತಿಗೆ ಓದಿ ಹೇಳಿದೆ. "ಇಲ್ಲಿಯವರೇನು ದೇವರೇ?" ಎಂದಳು. ಅವಳು ಆಟ ನೋಡುವುದಿಲ್ಲ, ಆದರೆ ಗೋಡೆಯಾಚೆಯ ಕೂಗಾಟ ಕೇಳಿಸಿಕೊಳ್ಳುತ್ತಾಳೆ. ಹಾಗಾಗಿ ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳುತ್ತೇನೆ.

ಹುಡುಗನನ್ನು ಬಿಟ್ಟ ಬೈಗುಳ ಗಾಳಿಯಲ್ಲಿ ಕರಗಲಿಲ್ಲ, ಆಟದ ತಂತ್ರ ಹೆಣೆಯುವ ಬಾಬಿ ಸ್ಲೋವಿಕ್ ತಲೆಯ ಮೇಲೆ ಬಿತ್ತು. ಮೊದಲ ವರ್ಷ ಅದೇ ಸ್ಲೋವಿಕ್‌ನನ್ನು ಬೇರೆ ತಂಡಗಳು ಮುಖ್ಯ ತರಬೇತುದಾರನ ಹುದ್ದೆಗೆ ಸಂದರ್ಶಿಸಿದ್ದವು. ಎರಡನೆಯ ವರ್ಷ ಪಕ್ಕದ ಮನೆಯ ಮಿತಭಾಷಿ ಯಜಮಾನರೇ ಅವನಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯಲಾರೆ. 2025ರ ಜನವರಿಯಲ್ಲಿ ಅವನ ಕೆಲಸ ಹೋಯಿತು. ಅದೂ ಎಂತಹ ವರ್ಷಕ್ಕೆ? ತಂಡ ಮತ್ತೆ ಹತ್ತು ಆಟ ಗೆದ್ದಿತ್ತು, ಪ್ಲೇಆಫ್‌ನಲ್ಲಿ ಚಾರ್ಜರ್ಸ್ ತಂಡವನ್ನು 32–12ರಿಂದ ಬಡಿದಿತ್ತು, ಸೋತದ್ದು ಕಾನ್ಸಾಸ್ ಸಿಟಿಗೆ. ಆ ಆಟದಲ್ಲೂ ಎಂಟು ಸ್ಯಾಕ್.

ಇನ್ನು ತಾಳ್ಮೆಯ ಮಾತು. ಅದಕ್ಕೂ ಬೆಲೆ ಕಟ್ಟಿದ್ದಾರೆ. ಸ್ಟ್ರೌಡ್‌ನ ಮೊದಲ ಕರಾರು ನಾಲ್ಕು ವರ್ಷಕ್ಕೆ ಸುಮಾರು 3.6 ಕೋಟಿ ಡಾಲರ್, ಆಡಿದರೂ ಆಡದಿದ್ದರೂ ಕೊಡಲೇಬೇಕು. ಅಷ್ಟು ಹಣ ಸುರಿದ ಮೇಲೆ ಕಾಯದೆ ಮಾಡುವುದೇನು? ಕಾಯಲಾರದ ಊರುಗಳೂ ಇವೆ. ಸ್ಟ್ರೌಡ್‌ಗಿಂತ ಮೊದಲು ಆಯ್ಕೆಯಾದ ಬ್ರೈಸ್ ಯಂಗ್‌ನನ್ನು ಅದೇ 2024ರಲ್ಲಿ ಎರಡೇ ಆಟದ ನಂತರ ಬೆಂಚಿನ ಮೇಲೆ ಕೂರಿಸಿದರು, ಆಮೇಲೆ ಮತ್ತೆ ಕರೆದರು. ಹ್ಯೂಸ್ಟನ್‌ನವರೂ ಸಂತರಲ್ಲ. 2022ರ ಕೊನೆಯ ಆಟವನ್ನು ತಂಡ ಕೊನೆಯ ನಿಮಿಷದಲ್ಲಿ 32–31ರಿಂದ ಗೆದ್ದಾಗ, ಗೆದ್ದದ್ದಕ್ಕೇ ಇವರು ಬೈದಿದ್ದರು. ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಕಡಿಮೆ ಗೆದ್ದವರಿಗೆ ಮೊದಲ ಆಯ್ಕೆ, ಸೋತಿದ್ದರೆ ಅದು ಸಿಗುತ್ತಿತ್ತಂತೆ. ಗೆದ್ದದ್ದರಿಂದ ಎರಡನೆಯದಕ್ಕಿಳಿದು ಸ್ಟ್ರೌಡ್ ಸಿಕ್ಕ ಎಂಬುದನ್ನು ಈಗ ಯಾರೂ ನೆನಪಿಸಿಕೊಳ್ಳುವುದಿಲ್ಲ.

ಚಿಕ್ಕಪ್ಪನ ಬಗ್ಗೆಯೂ ಒಂದು ಮಾತು ಉಳಿದಿದೆ. ಬರೆಯಬಾರದೆಂದೇ ಇದ್ದೆ. ಆ ವರ್ಷ ನಾನು ಮತ್ತೆ ಪರೀಕ್ಷೆ ಕಟ್ಟಿದೆ. ಟ್ಯೂಷನ್ನಿಗೆ ತುಮಕೂರಿನಲ್ಲಿ ರೂಮು ಮಾಡಬೇಕಿತ್ತು, ಅಪ್ಪನ ಕೈಯಲ್ಲಿ ಹಣವಿರಲಿಲ್ಲ. ಅಟ್ಟದ ಮೇಲೆ ಒಂದು ವರ್ಷ ಒಣಗಿದ ಕೊಬ್ಬರಿ ಇತ್ತು. ಇನ್ನಷ್ಟು ದಿನ ಇಟ್ಟರೆ ಬೆಲೆ ಏರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಚಿಕ್ಕಪ್ಪ ತಮ್ಮ ಪಾಲಿನದನ್ನು ಇಳಿಸಿ, ಮಟ್ಟೆ ಸುಲಿಸಿ, ಮೂಟೆ ಕಟ್ಟಿ ತಿಪಟೂರಿನ ಮಾರುಕಟ್ಟೆಗೆ ಹಾಕಿ ಬಂದರು. ದುಡ್ಡು ಎಣಿಸಿ ಕೊಡುವಾಗಲೂ ಬಾಯಿ ಸುಮ್ಮನಿರಲಿಲ್ಲ. "ಈ ಸಲವಾದರೂ ನೆಲ ನೋಡಿ ನಡೆ" ಎಂದರು. ಪಕ್ಕದ ಮನೆಯ ಯಜಮಾನರು ಸ್ಟ್ರೌಡ್‌ಗಾಗಿ ಬಿಯರ್ ಬಿಟ್ಟು ಬೇರೆ ಯಾವ ಖರ್ಚನ್ನೂ ಮಾಡಿಲ್ಲ, ಅದೂ ನಿಜ.

ಮೂರನೆಯ ವರ್ಷದ, ಎಂದರೆ 2025ರ, ಲೆಕ್ಕಾಚಾರವೂ ಆಟಕ್ಕೆ ಮುಂಚೆಯೇ ಶುರುವಾಗಿತ್ತು. ಆ ಮಾರ್ಚ್‌ನಲ್ಲಿ ಗೋಡೆಯ ಅತಿ ದೊಡ್ಡ ಕಲ್ಲು ಲಾರೆಮಿ ಟನ್ಸಿಲ್‌ನನ್ನೇ ವಾಷಿಂಗ್ಟನ್‌ಗೆ ಕೊಟ್ಟುಬಿಟ್ಟಿದ್ದರು. ಬೇಲಿಯ ಆಚೆಯಿಂದ ಆ ವರ್ಷದ ಸ್ಯಾಕ್‌ಗಳ ಅಂದಾಜು ಕೇಳಿಬರುತ್ತಿತ್ತು. ಮಗನಿಗೆ ಏಳನೇ ನಂಬರಿನ ಅಂಗಿ ಈಗ ಸರಿಯಾಗಿ ಕೂರುತ್ತದೆ.

ಹೋದ ವಾರ ಚಿಕ್ಕಪ್ಪನಿಗೆ ಫೋನ್ ಮಾಡಿದ್ದೆ. ಮೊಮ್ಮಗಳು ಫಸ್ಟ್ ಪಿಯುಸಿಯಲ್ಲಿ 96 ಪರ್ಸೆಂಟ್ ತೆಗೆದಿದ್ದಾಳಂತೆ, ಈಗ ಸೆಕೆಂಡ್ ಪಿಯುಸಿ. ದನಿಯಲ್ಲಿ ಹೆಮ್ಮೆ, ಅದರ ಹಿಂದೆಯೇ ಆ ಹಳೆಯ ಅನುಮಾನ. "ನೋಡೋಣ, ಈ ವರ್ಷ ಗೊತ್ತಾಗುತ್ತದೆ" ಎಂದರು.

"ಭೌತಶಾಸ್ತ್ರಕ್ಕೆ ಮೇಷ್ಟರು ಇದ್ದಾರಾ ಚಿಕ್ಕಪ್ಪ?" ಎಂದು ಕೇಳಿದೆ.

ಲೈನು ಕಡಿದುಹೋಯಿತೇನೋ ಎನ್ನುವಷ್ಟು ಹೊತ್ತು ಮೌನ. ಆಮೇಲೆ ಫೋನನ್ನು ಕಿವಿಯಿಂದ ಸರಿಸಿ, ಒಳಗೆ ಯಾರನ್ನೋ ಕೂಗಿ ಅದನ್ನೇ ಕೇಳುತ್ತಿದ್ದುದು ಕೇಳಿಸಿತು.