"ಇಷ್ಟು ದಿನ ಏನ್ ಮಾಡ್ತಿದ್ರಿ?"

ಆಸ್ಪತ್ರೆಯಲ್ಲಿ ಈ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತೆ. "ಇಷ್ಟು ದಿನ ಏನ್ ಮಾಡ್ತಿದ್ರಿ? ಮೊದಲೇ ಕರ್ಕೊಂಡ್ ಬರೋಕಾಗ್ಲಿಲ್ವಾ?" ಯಾರಿಗೆ ಹೀಗೆ ಗದರೋದು ಅಂತ ಒಂದು ಸಲ ನಿಂತು ನೋಡಿ. ಪರಿಚಯದವರಿಂದ ಫೋನ್ ಮಾಡಿಸಿಕೊಂಡು ಬಂದವರಿಗೆ ಈ ಪ್ರಶ್ನೆ ಬರೋದೇ ಇಲ್ಲ. ಬಟ್ಟೆ ಮಾಸಿದವರಿಗೆ, ಬೇರೆ ಭಾಷೆ ಆಡುವವರಿಗೆ, ವಲಸೆ ಬಂದವರಿಗೆ, ಹೆಸರು ಹೇಳಿದ ತಕ್ಷಣ "ಓ, ಆ ಜನಾನಾ" ಅನ್ನಿಸಿಕೊಳ್ಳುವವರಿಗೆ ಮಾತ್ರ. ಅವರೋ, ದೊಡ್ಡ ಅಪರಾಧ ಮಾಡಿದವರ ಹಾಗೆ ತಲೆ ತಗ್ಗಿಸಿ ನಿಂತುಬಿಡ್ತಾರೆ. ಅದು ನೋಡಿದರೆ ಸಿಟ್ಟು ಇನ್ನೂ ಜಾಸ್ತಿಯಾಗುತ್ತೆ.

ಏನ್ ಮಾಡ್ತಿದ್ರು ಅಂತ ನಾನೇ ಹೇಳ್ತೀನಿ. ಕೆಲಸಕ್ಕೆ ಹೋಗ್ತಿದ್ರು. ಓಪಿಡಿ ತೆರೆದಿರೋ ಹೊತ್ತೇ ಕೂಲಿಯ ಹೊತ್ತು. ತೋರಿಸೋಕೆ ಒಂದು ದಿನ, ರಕ್ತ ಕೊಡೋಕೆ ಒಂದು ದಿನ, ರಿಪೋರ್ಟ್ ಹಿಡ್ಕೊಂಡು ಬರೋಕೆ ಮತ್ತೊಂದು ದಿನ. ಸಂಬಳದ ರಜೆ ಇದ್ದವರಿಗೆ ಅಲೆದಾಟ ಅಷ್ಟೇ, ದಿನಗೂಲಿಯವರಿಗೆ ಮೂರೂ ದಿನದ ದುಡಿಮೆ ಹೋಯ್ತು. ಇಷ್ಟೆಲ್ಲ ಮಾಡಿ ಬಂದರೆ ಮುಖ ಎತ್ತಿಯೂ ನೋಡದೆ ನಾಲ್ಕು ಮಾತ್ರೆ ಗೀಚಿ ಕಳಿಸ್ತಾರೆ. ಇನ್ನೊಮ್ಮೆ ಬರೋಕೆ ಯಾರಿಗೆ ಮನಸ್ಸಾಗುತ್ತೆ?

ಭಾಷೆಯದ್ದು ಇನ್ನೊಂದು ನರಕ. ಅಮ್ಮನ ರಕ್ತಸ್ರಾವದ ವಿಷಯ ಡಾಕ್ಟರಿಗೆ ತಿಳಿಸೋಕೆ ಸ್ಕೂಲಿಗೆ ಹೋಗೋ ಮಗನೇ ದುಭಾಷಿ. ಮಗನ ಮುಂದೆ ಹೇಳೋಕೆ ನಾಚಿ ಅವಳು ಅರ್ಧ ನುಂಗ್ತಾಳೆ, ಅರ್ಥವಾಗದೆ ಅವನು ಇನ್ನರ್ಧ ನುಂಗ್ತಾನೆ. ಉಳಿದ ಚೂರುಪಾರಿನ ಮೇಲೆ ಔಷಧಿ.

ಇದನ್ನು ಯಾರೂ ಹೇಳಿಲ್ಲ ಅಂತಲ್ಲ. ವೇಲ್ಸ್‌ನ ಗಣಿ ಕಾರ್ಮಿಕರ ಹಳ್ಳಿಯಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದಿದ್ರು: ಒಳ್ಳೆಯ ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತೆ, ವೈದ್ಯಕೀಯವನ್ನು ಮಾರುಕಟ್ಟೆಗೆ ಬಿಟ್ಟಷ್ಟೂ ಅದು ಹೆಚ್ಚುತ್ತೆ ಅಂತ. 1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಆಲ್ಮಾ ಆಟಾ ನಗರದಲ್ಲಿ ದೇಶ ದೇಶಗಳೆಲ್ಲ ಕೂತು 2000ನೇ ಇಸವಿಯೊಳಗೆ ಎಲ್ಲರಿಗೂ ಆರೋಗ್ಯ ಅಂತ ಘೋಷಣೆನೂ ಮಾಡಿದ್ರು. ಆ 2000 ಬಂದೂ ಆಯ್ತು, ಹೋಗಿಯೂ ಆಯ್ತು.

ಹೋಗಲಿ, ಬೇಗ ಬಂದವರ ಗತಿಯಾದರೂ ನೋಡಿ. ಅಮೆರಿಕದಲ್ಲಿ ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ಲೆಕ್ಕ ಹಾಕೋ ಸೂತ್ರದೊಳಗೇ ಜನಾಂಗ ಕೂತಿತ್ತು. ರೋಗಿ ಕಪ್ಪು ವರ್ಣೀಯರಾದರೆ, 2009ರ ಸೂತ್ರದ ಪ್ರಕಾರ, ಬಂದ ಅಂಕಿಯನ್ನು ಸುಮಾರು ಶೇ 16ರಷ್ಟು ಏರಿಸೋದು! ಅಂದ್ರೆ ಅದೇ ರಕ್ತ ಪರೀಕ್ಷೆ, ಅದೇ ವಯಸ್ಸು, ಆದರೆ ಕಾಗದದ ಮೇಲೆ ಇವರ ಕಿಡ್ನಿ ಚೆನ್ನಾಗಿದೆ. ಡಯಾಲಿಸಿಸ್ ಇನ್ನೂ ಶುರುವಾಗದವರಿಗೆ ಕಿಡ್ನಿ ಕಸಿಯ ಕಾಯುವ ಪಟ್ಟಿಯಲ್ಲಿ ದಿನ ಎಣಿಕೆಯಾಗೋಕೆ ಆ ಅಂಕಿ 20ಕ್ಕೆ ಇಳಿಯಬೇಕು. ಪಕ್ಕದವರು ಪಟ್ಟಿ ಸೇರಿದ ಮೇಲೂ ಇವರಿಗೆ "ಇನ್ನೂ ಆ ಹಂತ ಬಂದಿಲ್ಲ" ಅನ್ನೋ ಉತ್ತರ. 2021ರಲ್ಲಿ ಜನಾಂಗ ಬಿಟ್ಟ ಹೊಸ ಸೂತ್ರ ಬಂತು. ಕಳೆದುಹೋದ ಕಾಯುವ ಕಾಲವನ್ನು ಲೆಕ್ಕಕ್ಕೆ ಸೇರಿಸಿಕೊಡಿ ಅಂತ ಕಸಿ ಆಸ್ಪತ್ರೆಗಳಿಗೆ ಹೇಳಿದ್ದು 2023ರಲ್ಲಿ. ಅಷ್ಟರೊಳಗೆ ಸತ್ತವರ ಕಾಲವನ್ನು ಯಾರ ಖಾತೆಗೆ ಸೇರಿಸ್ತಾರಂತೆ?

ಕೋವಿಡ್ ಕಾಲದಲ್ಲಿ ಎಲ್ಲರ ಬೆರಳಿಗೂ ಸಿಕ್ಕಿಸಿದ ಆಕ್ಸಿಮೀಟರೂ ಅಷ್ಟೇ. 2020ರಲ್ಲಿ ಹೊರಬಂದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ರಕ್ತದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದರೂ ಯಂತ್ರ ಅದನ್ನು ಹಿಡಿಯದೆ ಹೋಗೋದು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಉಸಿರು ಕಟ್ಟುತ್ತಿದೆ ಅಂತ ಮನುಷ್ಯ ಬಾಯಿಬಿಟ್ಟು ಹೇಳಿದರೆ ನಂಬಲ್ಲ, ಬೆರಳಿನ ಕ್ಲಿಪ್ಪು ಹೇಳಿದರೆ ನಂಬ್ತಾರೆ.

ಇಷ್ಟಾದ ಮೇಲೂ ದೊಡ್ಡವರು ಕಂಡುಕೊಂಡಿರೋ ಪರಿಹಾರ ಏನು ಗೊತ್ತಾ? ಈ ಜನರಲ್ಲಿ ಜಾಗೃತಿ ಮೂಡಿಸಬೇಕಂತೆ! ಅವರಿಗೆ ಓದೋಕೆ ಬರದ ಭಾಷೆಯಲ್ಲಿ ಕರಪತ್ರ, ಅವರು ಕೆಲಸದಲ್ಲಿರೋ ಹೊತ್ತಲ್ಲಿ ಶಿಬಿರ. ಸಂಜೆ ಹೊತ್ತು ಓಪಿಡಿ ತೆಗೀರಿ, ಒಬ್ಬ ದುಭಾಷಿಯನ್ನು ಇಡಿ, ತಪಾಸಣೆನೂ ರಿಪೋರ್ಟೂ ಒಂದೇ ದಿನ ಮುಗಿಸಿ ಅಂತ ಕೇಳಿದರೆ ಅದಕ್ಕೆ ಸಿಬ್ಬಂದಿ ಇಲ್ಲ, ಅನುದಾನ ಇಲ್ಲ. ಕರಪತ್ರ ಮಾತ್ರ ಬಣ್ಣಬಣ್ಣದ್ದು, ನುಣುಪು ಕಾಗದದ್ದು.